ಬಸ್ಸಿಗೆ ಮೊದಲು ದೂರು: ಊರಿಂದ ಓಡಾಡುವ ವಿದ್ಯಾರ್ಥಿಗಳಿಗೆ

ನಾನು ಪಾಠ ಮಾಡುವ ಶಿವಮೊಗ್ಗದ ಕಾಲೇಜಿಗೆ ಹಾಸ್ಟೆಲ್ ಇಲ್ಲ. ಹೆಚ್ಚಿನ ಮಕ್ಕಳು ಓಡಾಡುವವರೇ. ಆನಂದಪುರ, ಕುಂಸಿ ಕಡೆಯವರು ತಾಳಗುಪ್ಪ ರೈಲಿಗೋ ಸಾಗರದ ಬಸ್ಸಿಗೋ ಬರುತ್ತಾರೆ. ಮಂಡಗದ್ದೆ, ಗಾಜನೂರಿನವರಿಗೆ ತೀರ್ಥಹಳ್ಳಿ ಬಸ್ಸು. ಭದ್ರಾವತಿ, ಹೊಳೆಹೊನ್ನೂರಿನವರದು ಇನ್ನೊಂದು ದಂಡು. ಸಂಜೆ ನಾಲ್ಕೂವರೆ ಆಯಿತೆಂದರೆ ಕಾಲೇಜು ಖಾಲಿ.

ದೂರು ಸಮಿತಿಯಲ್ಲಿ ಕೆಲಸ ಮಾಡುತ್ತಾ ನನಗೆ ಅರ್ಥವಾಗಿದ್ದು ಇಷ್ಟು. ದಾರಿಯಲ್ಲೋ ಕಾಲೇಜಿನಲ್ಲೋ ಕಿರುಕುಳ ಆದಾಗ ದೂರು ಕೊಡಲು ನಮ್ಮ ಮಕ್ಕಳಿಗೆ ಧೈರ್ಯ ಇಲ್ಲ ಅಂತಲ್ಲ, ಸಮಯ ಇಲ್ಲ. "ಬಸ್ ಹೋಗುತ್ತೆ ಮೇಡಂ, ನಾಳೆ ಹೇಳ್ತೀನಿ" ಅಂತ ಓಡುತ್ತಾರೆ. ನಾಳೆ ಇಂಟರ್ನಲ್ಸ್, ನಾಡಿದ್ದು ಊರಲ್ಲಿ ಹಬ್ಬ. ಅಷ್ಟರಲ್ಲಿ ಸಿಸಿ ಕ್ಯಾಮೆರಾದ ಹಳೆ ದೃಶ್ಯದ ಮೇಲೆ ಹೊಸದು ಬಂದು ಕೂತಿರುತ್ತದೆ, ಬಸ್ಸಿನ ನಂಬರ್ ಮರೆತುಹೋಗಿರುತ್ತದೆ, ನೋಡಿದ ಗೆಳತಿ "ನಂಗ್ಯಾಕೆ ಬೇಕು" ಅಂತ ಹಿಂದೆ ಸರಿದಿರುತ್ತಾಳೆ. ಹಾಗಾಗಿ ನನ್ನ ಮೊದಲ ಮಾತು: ಅವತ್ತಿನ ವಿಷಯವನ್ನು ಅವತ್ತೇ ಕಾಗದಕ್ಕೆ ಇಳಿಸಿ. ಕೊಡುವುದೋ ಬೇಡವೋ ಆಮೇಲೆ ಯೋಚಿಸಿ. ಬಸ್ಸಿನಲ್ಲಿ ಕೂತೇ ಫೋನಿನಲ್ಲಿ ಟೈಪ್ ಮಾಡಿದರೂ ಆಯಿತು. ಅದನ್ನು ನಂಬಿಕೆಯ ಒಬ್ಬರಿಗೆ ಕಳಿಸಿಡಿ. ಕಳಿಸಿದ ತಾರೀಖು, ಸಮಯ ಅದರಲ್ಲೇ ಉಳಿಯುತ್ತದೆ.

ಯಾವ ಠಾಣೆಗೆ ಹೋಗಬೇಕು?

ಹಾಸ್ಟೆಲ್ ಇರುವ ಕಾಲೇಜಿನಲ್ಲಿ ಗಲಾಟೆ ಗೇಟಿನ ಒಳಗೆ ಜಾಸ್ತಿ. ನಮ್ಮಂಥ ಕಡೆ ದಾರಿಯಲ್ಲೇ ಜಾಸ್ತಿ. ಖಾಸಗಿ ಬಸ್ ನಿಲ್ದಾಣ, ರೈಲಿನ ಬಾಗಿಲು, ಸವಳಂಗ ರಸ್ತೆಯ ಬದಿ, ಊರಿನ ತಿರುವು. ಕುಂಸಿ ಹತ್ತಿರ ಬಸ್ಸಿನಲ್ಲಿ ಒಬ್ಬ ಕೈ ಹಾಕಿದ, ನೀವು ಇಳಿದಿದ್ದು ಶಿವಮೊಗ್ಗದಲ್ಲಿ, ನಿಮ್ಮ ಮನೆ ರಿಪ್ಪನ್‌ಪೇಟೆ. ದೂರು ಎಲ್ಲಿ? ಈ ಗೊಂದಲಕ್ಕೇ ಎಷ್ಟೋ ಮಕ್ಕಳು ಸುಮ್ಮನಾಗುತ್ತಾರೆ.

ಉತ್ತರ ಸುಲಭ. ಹತ್ತಿರದ ಯಾವ ಠಾಣೆಗಾದರೂ ಹೋಗಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ಘಟನೆ ಎಲ್ಲೇ ನಡೆದಿರಲಿ, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧವಾದರೆ ದೂರು ದಾಖಲಿಸಬೇಕು. ಇದನ್ನೇ ಝೀರೋ ಎಫ್‌ಐಆರ್ ಅನ್ನುತ್ತಾರೆ. ಆಮೇಲೆ ಅದನ್ನು ಸಂಬಂಧಪಟ್ಟ ಠಾಣೆಗೆ ಕಳಿಸುವುದು ಅವರ ಕೆಲಸ, ನಿಮ್ಮದಲ್ಲ. ಇನ್ನೊಂದು ಅನುಕೂಲವೂ ಇದೆ. ಪ್ರಯಾಣದಲ್ಲಿ ನಡೆದ ಅಪರಾಧವನ್ನು ಆ ಬಸ್ಸೋ ರೈಲೋ ಹಾದುಹೋದ ಯಾವ ಊರಿನ ಕೋರ್ಟಿನಲ್ಲಾದರೂ ವಿಚಾರಣೆ ಮಾಡಬಹುದು. ಹಾಗಾಗಿ "ನಮ್ಮ ಲಿಮಿಟ್ಸ್ ಅಲ್ಲ" ಅಂದರೆ, "ಝೀರೋ ಎಫ್‌ಐಆರ್ ಮಾಡಿಕೊಡಿ ಸಾರ್" ಅಂತ ಸಮಾಧಾನವಾಗಿ ಕೇಳಿ. ಜಗಳ ಬೇಡ, ಆದರೆ ಎದ್ದೂ ಬರಬೇಡಿ.

ಲೈಂಗಿಕ ಕಿರುಕುಳ, ಹಿಂಬಾಲಿಸುವುದು, ಮೈ ಮುಟ್ಟುವುದು, ಕದ್ದು ಫೋಟೋ ತೆಗೆಯುವುದು, ಇಂಥ ವಿಷಯದಲ್ಲಿ ಹುಡುಗಿಯ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಶಿವಮೊಗ್ಗದಲ್ಲಿ ಮಹಿಳಾ ಠಾಣೆ ಇದೆ. ಅಲ್ಲಿಗೇ ಹೋಗಬೇಕು ಅಂತ ನಿಯಮವೇನೂ ಇಲ್ಲ. ನೀವಿರುವ ಠಾಣೆಗೇ ಮಹಿಳಾ ಅಧಿಕಾರಿಯನ್ನು ಕರೆಸಿ ಅಂತ ಕೇಳಬಹುದು.

ಬಸ್ಸು ಹೊರಡುವ ಹೊತ್ತಾಗಿದ್ದರೆ ಮಾಹಿತಿಯನ್ನು ಇಮೇಲ್ ಮೂಲಕ ಕಳಿಸಲೂ ಅವಕಾಶ ಇದೆ. ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು, ಅಷ್ಟೇ. ನಮ್ಮ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಅನುಕೂಲ ಇನ್ನೊಂದಿಲ್ಲ.

ದೂರು ಬರೆಯುವ ಬಗೆ

ಹೆಚ್ಚಿನವರು ಬರೆಯುವುದು ಹೀಗೆ: "ಒಬ್ಬ ವ್ಯಕ್ತಿ ನನ್ನನ್ನು ಚುಡಾಯಿಸಿ ತೊಂದರೆ ಕೊಡುತ್ತಿದ್ದು, ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ." ಇದನ್ನು ಓದಿದವರಿಗೆ ಏನೂ ಗೊತ್ತಾಗುವುದಿಲ್ಲ. ಕೂರಿಸಿಕೊಂಡು ನಾನು ಬರೆಸುವುದು ಈ ಥರ:

"ನಿನ್ನೆ ಮಂಗಳವಾರ ಸಂಜೆ ಸುಮಾರು 4.40ಕ್ಕೆ ಖಾಸಗಿ ಬಸ್ ನಿಲ್ದಾಣದಲ್ಲಿ ತೀರ್ಥಹಳ್ಳಿ ಬಸ್ಸಿಗೆ ಕಾಯುತ್ತಿದ್ದೆ. ಸುಮಾರು 25 ವರ್ಷದ, ನೀಲಿ ಜರ್ಕಿನ್ ಹಾಕಿದ್ದ, ಎಡಗೈಗೆ ಕೆಂಪು ದಾರ ಕಟ್ಟಿದ್ದ ಒಬ್ಬ ಬಂದು ಫೋನ್ ನಂಬರ್ ಕೇಳಿದ. ಕೊಡುವುದಿಲ್ಲ ಎಂದೆ. ನಾನು ಬಸ್ ಹತ್ತಿದಾಗ ಅವನೂ ಹತ್ತಿದ. ಗಾಜನೂರು ದಾಟಿದ ಮೇಲೆ ನನ್ನ ಸೀಟಿನ ಪಕ್ಕ ನಿಂತು ಎರಡು ಸಲ ಭುಜ ಮುಟ್ಟಿದ. ಎರಡನೇ ಸಲ ನಾನು ಜೋರಾಗಿ ಬೈದೆ. ಕಂಡಕ್ಟರ್ ನೋಡಿದ್ದಾರೆ. ಪಕ್ಕದಲ್ಲಿದ್ದ ನನ್ನ ಸಹಪಾಠಿಯೂ ನೋಡಿದ್ದಾಳೆ. ಇದೇ ವ್ಯಕ್ತಿ ಹೋದ ವಾರ ಗುರುವಾರವೂ ನಿಲ್ದಾಣದಿಂದ ಕಾಲೇಜು ಗೇಟಿನವರೆಗೆ ಹಿಂದೆ ಬಂದಿದ್ದ."

ಇದರಲ್ಲಿ ದೊಡ್ಡ ಮಾತು ಒಂದೂ ಇಲ್ಲ. ಆದರೆ ಯಾವಾಗ, ಎಲ್ಲಿ, ಯಾರು, ಏನು ಮಾಡಿದ, ನೀವು ಏನು ಹೇಳಿದಿರಿ, ಯಾರು ನೋಡಿದರು, ಎಲ್ಲ ಇದೆ. "ಕೊಡುವುದಿಲ್ಲ ಎಂದೆ" ಅನ್ನುವ ಎರಡು ಪದವನ್ನು ಬಿಡಲೇಬೇಡಿ. ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಹಿಂಬಾಲಿಸುವುದನ್ನು ಅಪರಾಧ ಅನ್ನುತ್ತದೆ. ಹುಡುಗಿ ಇಷ್ಟವಿಲ್ಲ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಹಿಂದೆ ಬಿದ್ದ ಅನ್ನುವುದು ಅಲ್ಲಿ ಮುಖ್ಯ. ಮೊದಲ ಸಲ ಸಾಬೀತಾದರೆ ಮೂರು ವರ್ಷದವರೆಗೆ ಶಿಕ್ಷೆ ಇದೆ.

ಅವನು ಕೆಟ್ಟ ಮಾತು ಆಡಿದ್ದರೆ ಆ ಮಾತನ್ನೇ ಬರೆಯಿರಿ. "ಅಶ್ಲೀಲವಾಗಿ ಮಾತಾಡಿದ" ಅಂದರೆ ಸಾಲದು. ಬರೆಯಲು ಕೈ ಬರುವುದಿಲ್ಲ, ನನಗೆ ಗೊತ್ತು. ಎಷ್ಟೋ ಮಕ್ಕಳು ಆ ಜಾಗಕ್ಕೆ ಬಂದಾಗ ಪೆನ್ನು ಕೆಳಗಿಡುತ್ತಾರೆ. ಅದು ಅವನ ಮಾತು ಕಣಮ್ಮಾ, ನಿನ್ನದಲ್ಲ ಅಂತ ಹೇಳಿ ಬರೆಸುತ್ತೇನೆ.

ಟಿಕೆಟ್ ಬಿಸಾಕಬೇಡಿ. ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಕೊಡುತ್ತಾರಲ್ಲ, ಅದರಲ್ಲೂ ತಾರೀಖು, ಸಮಯ ಇರುತ್ತದೆ. ಆ ಹೊತ್ತಿಗೆ ಆ ಬಸ್ಸಿನಲ್ಲಿ ನೀವಿದ್ದಿರಿ ಅನ್ನುವುದಕ್ಕೆ ಅದೇ ಸಾಕ್ಷಿ. ಯಂತ್ರದ ಟಿಕೆಟ್ಟಿನ ಅಕ್ಷರ ಬೇಗ ಮಾಸುತ್ತದೆ, ಒಂದು ಫೋಟೋ ತೆಗೆದಿಡಿ. ಖಾಸಗಿ ಬಸ್ಸಾದರೆ ಬಸ್ಸಿನ ಹೆಸರು ಎಲ್ಲರಿಗೂ ನೆನಪಿರುತ್ತದೆ, ನಂಬರ್ ಇರುವುದಿಲ್ಲ. ಒಂದೇ ಹೆಸರಿನ ಹತ್ತು ಬಸ್ ಓಡುತ್ತವೆ. ಇಳಿಯುವಾಗ ಕೆಎ 14 ಅಥವಾ ಕೆಎ 15ರ ಮುಂದಿನ ಅಕ್ಷರ, ಅಂಕಿ ನೋಡಿಕೊಳ್ಳಿ.

ದೂರಿನ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಠಾಣೆಯ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಎಫ್‌ಐಆರ್ ಆದರೆ ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ನಿಮಗೆ ತಿಳಿಸಬೇಕು. ಹುಡುಗರ ಹೊಡೆದಾಟದಲ್ಲಿ ಸಣ್ಣ ಪೆಟ್ಟಾದರೆ, ಬೆದರಿಕೆ ಹಾಕಿದರೆ ನೇರ ಎಫ್‌ಐಆರ್ ಆಗದೆ ಎನ್‌ಸಿಆರ್ (ವಾರಂಟ್ ಇಲ್ಲದೆ ಬಂಧಿಸಲಾಗದ ಅಪರಾಧದ ದಾಖಲೆ) ಅಂತ ಬರೆದುಕೊಳ್ಳಬಹುದು. ಅದರ ಪ್ರತಿಯನ್ನೂ ಇಸಿದುಕೊಳ್ಳಿ. ನಾಳೆ ಅವನೇ ಮತ್ತೆ ಬಂದರೆ ಆ ಕಾಗದಕ್ಕೆ ಬೆಲೆ ಬರುತ್ತದೆ.

ಕಾಲೇಜಿನ ಒಳಗೆ

ನಿಮ್ಮ ಕಾಲೇಜಿನಲ್ಲಿ ಲೈಂಗಿಕ ಕಿರುಕುಳದ ದೂರು ನೋಡುವ ಆಂತರಿಕ ದೂರು ಸಮಿತಿ ಇರಲೇಬೇಕು. ಯುಜಿಸಿಯ 2015ರ ನಿಯಮದಲ್ಲಿ ವಿದ್ಯಾರ್ಥಿಗಳೂ ಇದರ ವ್ಯಾಪ್ತಿಗೆ ಬರುತ್ತಾರೆ. ಕಾಲೇಜು ಬಸ್ಸು, ಶೈಕ್ಷಣಿಕ ಪ್ರವಾಸ, ಎನ್‌ಎಸ್‌ಎಸ್ ಕ್ಯಾಂಪು, ಇಂಟರ್ನ್‌ಶಿಪ್ ಕೊಟ್ಟ ಕಚೇರಿ, ಇದೆಲ್ಲ ಕ್ಯಾಂಪಸ್ ಲೆಕ್ಕಕ್ಕೇ ಬರುತ್ತದೆ. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಕಾರಣ ಇದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ಸಮಿತಿ 90 ದಿನದೊಳಗೆ ವಿಚಾರಣೆ ಮುಗಿಸಬೇಕು, ನಿಮ್ಮ ಹೆಸರು ಹೊರಗೆ ಬಿಡಬಾರದು. ಸಮಿತಿಗೆ ಕೊಟ್ಟರೆ ಪೊಲೀಸರಿಗೆ ಕೊಡುವಂತಿಲ್ಲ ಅನ್ನುವುದು ಸುಳ್ಳು. ಎರಡೂ ಕಡೆ ಕೊಡಬಹುದು.

ರ‍್ಯಾಗಿಂಗ್ ಆದರೆ 1800-180-5522ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ರೈಲಿನಲ್ಲಿ ಸೀನಿಯರ್‌ಗಳು ಜೂನಿಯರ್ ಹುಡುಗರನ್ನು ನಿಲ್ಲಿಸಿ ಹಾಡಿಸುವುದು, ತಿಂಡಿ ದುಡ್ಡು ಕೀಳುವುದು ಕೂಡ ರ‍್ಯಾಗಿಂಗೇ. ಹುಡುಗರು ಇದನ್ನು ಮರ್ಯಾದೆ ಪ್ರಶ್ನೆ ಮಾಡಿಕೊಂಡು ಒಳಗೇ ಇಟ್ಟುಕೊಳ್ಳುತ್ತಾರೆ. ನನಗೆ ಅವರ ಚಿಂತೆ ಹುಡುಗಿಯರಷ್ಟೇ ಇದೆ.

ಕ್ಯಾಮೆರಾ ವಿಷಯದಲ್ಲಿ ಒಂದು ಕೆಲಸ ತಪ್ಪದೆ ಮಾಡಿ. "ಇಂಥ ದಿನ, ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗಿನ ಗೇಟಿನ ದೃಶ್ಯವನ್ನು ಅಳಿಸದೆ ತೆಗೆದಿಡಿ" ಅಂತ ಪ್ರಿನ್ಸಿಪಾಲರಿಗೆ ಅದೇ ದಿನ ಎರಡು ಸಾಲಿನ ಪತ್ರ ಕೊಡಿ. ಅಂಗಡಿಯವರ ಕ್ಯಾಮೆರಾ ಆದರೆ ಎಲ್ಲಿದೆ ಅಂತ ದೂರಿನಲ್ಲೇ ಬರೆಯಿರಿ.

ಮನೆಯಲ್ಲಿ ಗೊತ್ತಾದರೆ?

ನಿಜವಾದ ಭಯ ಪೊಲೀಸರದಲ್ಲ. "ಮನೇಲಿ ಗೊತ್ತಾದ್ರೆ ಕಾಲೇಜು ಬಿಡಿಸ್ತಾರೆ ಮೇಡಂ." ಮಲೆನಾಡಿನ ಒಂಟಿ ಮನೆಗಳಿಂದ ಬರುವ ಹುಡುಗಿಯರ ಬಾಯಲ್ಲಿ ಈ ಮಾತು ನಾನು ಕೇಳುತ್ತಲೇ ಇರುತ್ತೇನೆ. ಮನೆಯಲ್ಲಿ ಮೊದಲ ಡಿಗ್ರಿ ಓದುತ್ತಿರುವವಳು ಅವಳು. ಇಂಥ ಒಂದು ಸುದ್ದಿ ಮನೆಗೆ ಹೋದರೆ ಆ ಓದು ನಿಂತೇ ಹೋಗಬಹುದು. ಹಾಗಾಗಿ ಸಹಿಸಿಕೊಂಡು ಓಡಾಡುತ್ತಾಳೆ.

18 ತುಂಬಿದ್ದರೆ ದೂರು ಕೊಡಲು ಅಪ್ಪ ಅಮ್ಮನ ಸಹಿ ಬೇಕಿಲ್ಲ. ಆದರೆ ಮುಚ್ಚಿಟ್ಟು ಮಾಡಿ ಅಂತ ನಾನು ಹೇಳುವುದಿಲ್ಲ. ಹೇಳುವ ಕ್ರಮ ಬದಲಿಸಿ. ಮೊದಲು ದೂರು, ಆಮೇಲೆ ಮನೆ. "ಹೀಗಾಯ್ತಮ್ಮ" ಅಂತ ಅಳುತ್ತಾ ಹೇಳಿದರೆ ಮನೆಯವರಿಗೆ ಕಾಣುವುದು ಅಪಾಯ ಮಾತ್ರ. "ಹೀಗಾಯ್ತು, ದೂರು ಕೊಟ್ಟಿದ್ದೀನಿ, ಮೇಡಂ ಜೊತೆಗಿದ್ರು, ನೋಡಿ ಪ್ರತಿ" ಅಂದರೆ ಮಗಳು ನಿಭಾಯಿಸಿದ್ದು ಕಾಣುತ್ತದೆ. ಬೇಕಾದರೆ ಒಬ್ಬ ಲೆಕ್ಚರರ್ ಕೈಲಿ ಅಮ್ಮನಿಗೆ ಫೋನ್ ಮಾಡಿಸಿ. ನಾನು ಮಾಡುತ್ತೇನೆ. ಅಪ್ಪನಿಗಿಂತ ಮೊದಲು ಅಮ್ಮನಿಗೋ ದೊಡ್ಡಮ್ಮನಿಗೋ ಹೇಳುವುದು ನಮ್ಮ ಕಡೆ ನಡೆಯುತ್ತದೆ.

18 ಆಗಿರದಿದ್ದರೆ, ಅಂದರೆ ಪಿಯುಸಿ ಮಕ್ಕಳು ಮತ್ತು ಮೊದಲ ವರ್ಷದ ಡಿಗ್ರಿಯ ಕೆಲವರು, ಲೈಂಗಿಕ ಕಿರುಕುಳಕ್ಕೆ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ಆಗ ವಿಷಯ ಗೊತ್ತಾದ ಲೆಕ್ಚರರ್ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅವರ ಮೇಲೇ ಕೇಸು. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಬರುವ ಅಧಿಕಾರಿ ಯೂನಿಫಾರಂನಲ್ಲಿ ಇರಬಾರದು. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು.

ತಿರುವಿನಿಂದ ಮನೆವರೆಗೆ

ಶಿವಮೊಗ್ಗದ ಪೇಟೆಯಲ್ಲಿ ಏನಾದರೂ ಆದರೆ ನಾಲ್ಕು ಜನ ಇರುತ್ತಾರೆ. ಮುಖ್ಯರಸ್ತೆಯಲ್ಲಿ ಇಳಿದು ಕಾಡು, ತೋಟದ ನಡುವೆ ಮನೆವರೆಗೆ ನಡೆಯುವ ದಾರಿಯೇ ಕಷ್ಟದ್ದು. ಜುಲೈ ಮಳೆಯಲ್ಲಿ ಐದೂವರೆಗೇ ಕತ್ತಲೆ, ಕರೆಂಟ್ ಇರುವುದಿಲ್ಲ, ಕೊಡೆಯ ಸದ್ದಿಗೆ ಹಿಂದೆ ಬರುವ ಬೈಕ್ ಕೇಳುವುದಿಲ್ಲ. ತಿರುವಿನ ಗೂಡಂಗಡಿಯವರಿಗೆ ನಿಮ್ಮ ಮುಖ, ನಿಮ್ಮ ಬಸ್ಸು ಗೊತ್ತಿರಲಿ. "ಅಕ್ಕಾ, ನಾನಿನ್ನು ಹೊರಟೆ" ಅಂತ ದಿನಾ ಒಂದು ಮಾತು ಹೇಳಿ ನಡೆಯಿರಿ. ಒಂದೇ ದಾರಿಯ ಮಕ್ಕಳು ಒಂದು ವಾಟ್ಸಾಪ್ ಗುಂಪು ಮಾಡಿಕೊಂಡು, ಮನೆ ಮುಟ್ಟಿದ ಮೇಲೆ ಬರೀ ಒಂದು ಚುಕ್ಕಿ ಹಾಕಿದರೂ ಸಾಕು. ಚುಕ್ಕಿ ಬರದಿದ್ದರೆ ಫೋನ್ ಮಾಡುವವರು ಯಾರು ಅಂತ ಮೊದಲೇ ಗೊತ್ತುಮಾಡಿಕೊಳ್ಳಿ.

ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ 112ಕ್ಕೆ ಪ್ರಯತ್ನಿಸಿ. ತುರ್ತು ಕರೆ ಬೇರೆ ಕಂಪನಿಯ ಟವರ್ ಸಿಕ್ಕರೂ ಹೋಗುತ್ತದೆ. ರೈಲಿನಲ್ಲಾದರೆ 139. ಬಸ್ಸಿನಲ್ಲಾದರೆ ಎದ್ದು ನಿಂತು, "ಕಂಡಕ್ಟರಣ್ಣ, ಬಸ್ಸನ್ನ ಪೊಲೀಸ್ ಸ್ಟೇಷನ್ ಹತ್ರ ನಿಲ್ಸಿ" ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗಿ. ತೀರ್ಥಹಳ್ಳಿ, ಸಾಗರ ರಸ್ತೆಯ ಬಸ್ಸುಗಳಲ್ಲಿ ಅರ್ಧ ಜನ ಪರಿಚಯದವರೇ. ಕೂಗಿದರೆ ಏಳುತ್ತಾರೆ.

ಫೋನ್ ಕಳವಾದರೆ ದೂರು ಕೊಟ್ಟು, ಅದೇ ನಂಬರಿನ ಹೊಸ ಸಿಮ್ ತೆಗೆದುಕೊಂಡು, ಕಳೆದ ಫೋನ್ ತಡೆಹಿಡಿಯುವ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಫೋನನ್ನು ಬ್ಲಾಕ್ ಮಾಡಿಸಿ. ಅದಕ್ಕೆ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್ ಬೇಕು. ಈಗಲೇ *#06# ಒತ್ತಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆನ್‌ಲೈನ್‌ನಲ್ಲಿ ದುಡ್ಡು ಹೋದರೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ದುಡ್ಡು ಕೈತಪ್ಪುತ್ತದೆ. ಫೋಟೋ ಇಟ್ಟುಕೊಂಡು ಹೆದರಿಸಿದರೆ ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಡಿ, ದುಡ್ಡು ಕೊಡಬೇಡಿ, ಸೈಬರ್ ಅಪರಾಧ ನೋಡುವ ಶಿವಮೊಗ್ಗದ ಸಿಇಎನ್ ಠಾಣೆಗೆ ಹೋಗಿ.

ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ

ಕೆಲವೊಮ್ಮೆ "ಹೋಗ್ಲಿ ಬಿಡಮ್ಮ, ನಿನ್ನ ಭವಿಷ್ಯ" ಅನ್ನುವ ಮಾತು ಬರುತ್ತದೆ. ಆಗ ಯಾಕೆ ದಾಖಲಿಸಲಿಲ್ಲ ಅಂತ ಹಿಂಬರಹ, ಅಂದರೆ ಬರವಣಿಗೆಯಲ್ಲಿ ಉತ್ತರ, ಕೇಳಿ. ಕೊಡದಿದ್ದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಲು 173ನೇ ಸೆಕ್ಷನ್ನೇ ಅವಕಾಶ ಕೊಡುತ್ತದೆ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ನಿಲ್ಲಬೇಡಿ. ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಅವರ ಸಹಾಯವಾಣಿ 15100. ಎಸ್‌ಪಿಗೆ ಕಳಿಸುವಾಗ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ದೂರಿನ ಪ್ರತಿಗೆ ಪಿನ್ ಹೊಡೆದು ಇಟ್ಟುಕೊಳ್ಳಿ. ಮನೆಯಲ್ಲಿ ಇಡಲು ಆಗುವುದಿಲ್ಲ ಅಂದರೆ ನಿಮ್ಮ ಲೆಕ್ಚರರ್ ಹತ್ತಿರ ಕೊಡಿ, ನಾವು ಇಟ್ಟುಕೊಳ್ಳುತ್ತೇವೆ.