ರಜೆಗೆ ಹತ್ತೇ ದಿನ ಉಳಿದಾಗ ಯಾವ ಪುಸ್ತಕ ಕೊಡುತ್ತೇನೆ

ಮೇ 29ರ ಸುಮಾರಿಗೆ ಶಾಲೆ ಶುರು. 18ನೇ ತಾರೀಕಿನಿಂದಾಚೆ ಲೈಬ್ರರಿಗೆ ಬರುವ ತಂದೆತಾಯಿಗಳ ಬೇಡಿಕೆ ಸಾಮಾನ್ಯವಾಗಿ ಒಂದೇ: “ರಜೆಯೆಲ್ಲ ಏನೂ ಓದಲಿಲ್ಲ, ಒಳ್ಳೇ ದಪ್ಪ ಪುಸ್ತಕ ಕೊಡಿ.” ದಪ್ಪದ್ದನ್ನು ನಾನು ಕೊಡುವುದಿಲ್ಲ. ಈ ದಿನಗಳಲ್ಲಿ ಕೈಗೆ ತೆಗೆದುಕೊಂಡ ಪುಸ್ತಕ ಮುಗಿಯಬೇಕು. ಅರ್ಧಕ್ಕೆ ನಿಂತದ್ದನ್ನು ಜೂನ್‌ನಲ್ಲಿ ಮತ್ತೆ ತೆರೆಯುವ ಮಕ್ಕಳು ಅಪರೂಪ.

ಮೊದಲು ದಿನದ ಲೆಕ್ಕ. ಹತ್ತು ದಿನದಲ್ಲಿ ಓದಿಗೆ ಸಿಗುವುದು ಏಳು. ಅಜ್ಜಿಮನೆಯಿಂದ ವಾಪಸಾಗಲು ಒಂದು ದಿನ ಹೋಗುತ್ತದೆ, ಸಮವಸ್ತ್ರ, ಶೂ, ಪಠ್ಯಪುಸ್ತಕಕ್ಕೆ ಬೈಂಡ್ ಅಂತ ಇನ್ನೆರಡು. ಮಗುವಿನಿಂದ ಒಂದು ಪುಟ ಓದಿಸಿ ಗಡಿಯಾರ ನೋಡಿ. ಪುಟಕ್ಕೆ ಮೂರು ನಿಮಿಷ ಹಿಡಿದರೆ ದಿನಕ್ಕೆ ನಲವತ್ತು ನಿಮಿಷದಲ್ಲಿ 13 ಪುಟ, ಏಳು ದಿನಕ್ಕೆ 90. ಅದಕ್ಕಿಂತ ದೊಡ್ಡದು ಬೇಡ.

ಓದಿಸುವಾಗ ಮೊದಲ ಪುಟ ಬೇಡ, ನಡುವಿನದ್ದು ತೆರೆಯಿರಿ. ಮೊದಲ ಪುಟ ಎಷ್ಟೋ ಸಲ ಮೋಸ ಮಾಡುತ್ತದೆ. ಐದಕ್ಕಿಂತ ಹೆಚ್ಚು ಕಡೆ ತಡವರಿಸಿದರೆ, ಯಾಕೆ ಅಂತ ಕಿವಿಗೊಟ್ಟು ಕೇಳಿ. ಇಂಗ್ಲಿಷ್ ಮೀಡಿಯಂ ಮಕ್ಕಳು ಕನ್ನಡವನ್ನು ಪಟಪಟ ಮಾತಾಡುತ್ತಾರೆ, ಒತ್ತಕ್ಷರ ಬಂದರೆ ನಿಲ್ಲುತ್ತಾರೆ. ಅರ್ಕಾವೊತ್ತು ಇನ್ನೂ ಕಷ್ಟ. ಬರೆಯುವುದು ಆಮೇಲೆ, ಉಚ್ಚರಿಸುವುದು ಮೊದಲು, ಹಾಗಾಗಿ ‘ಸೂರ್ಯ’ ಹೋಗಿ ‘ಸೂಯ್ರ’ ಆಗುತ್ತದೆ. ಇದಕ್ಕೆ ಪುಸ್ತಕ ಬದಲಿಸಬೇಕಿಲ್ಲ. ಒಂದು ಪುಟ ನೀವು, ಒಂದು ಪುಟ ಮಗು ಓದಿದರೆ ನಾಲ್ಕನೇ ದಿನಕ್ಕೆ ನಾಲಿಗೆ ಸಡಿಲವಾಗುತ್ತದೆ. ಅಕ್ಷರ ಸರಿಯಾಗಿ ಓದಿಯೂ ಅರ್ಥವಾಗುತ್ತಿಲ್ಲ ಅಂದರೆ ಮಾತ್ರ ಪುಸ್ತಕ ಬದಲಿಸಿ.

ಐದರಿಂದ ಏಳು ವರ್ಷದವರಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ವೆಬ್‌ಸೈಟ್ ಸಾಕು. ಪುಕ್ಕಟೆ, ಕನ್ನಡದಲ್ಲಿ ಬೇಕಾದಷ್ಟಿದೆ. ಒಂದನೇ ಹಂತದ ಕತೆಗಳು 250 ಪದದ ಒಳಗೇ ಇರುತ್ತವೆ. ಮೊಬೈಲಿನಲ್ಲಿ ತೋರಿಸಿದರೆ ಎರಡನೇ ಕತೆಗೆ ಮಗು ಗೇಮ್‌ಗೆ ಜಾರುತ್ತದೆ, ಆದ್ದರಿಂದ ಡೌನ್‌ಲೋಡ್ ಮಾಡಿ ಜೆರಾಕ್ಸ್ ಅಂಗಡಿಯಲ್ಲಿ ಕಪ್ಪುಬಿಳುಪು ಪ್ರಿಂಟ್ ತೆಗೆಸಿ. ಬಣ್ಣ ಮಗುವೇ ತುಂಬಲಿ.

ಎಂಟು-ಹತ್ತರವರಿಗೆ ನಾನು ಮೊದಲು ಎತ್ತುವುದು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಇಂಗ್ಲಿಷ್ ಕವಿ ಬ್ರೌನಿಂಗ್‌ನ ‘ಪೈಡ್ ಪೈಪರ್’ ಕವಿತೆಯ ಹ್ಯಾಮೆಲಿನ್ ಊರನ್ನು ತುಂಗೆಯ ದಡಕ್ಕೆ ತಂದು ಕೂರಿಸಿದ ಕಾವ್ಯ, ಒಂದೇ ಕೂತಿನಲ್ಲಿ ಮುಗಿಯುತ್ತದೆ. ಮನಸ್ಸಿನಲ್ಲಿ ಓದಿಕೊಂಡರೆ ಸಪ್ಪೆ, ಗಟ್ಟಿಯಾಗಿಯೇ ಓದಬೇಕು. ಇಲಿಗಳು ಬರುವ ಕಡೆ ಉಸಿರು ಕಟ್ಟಿ ಓಡಿಸಿ, ಗೌಡ ಕೊಟ್ಟ ಮಾತಿಗೆ ತಪ್ಪುವ ಕಡೆ ನಿಲ್ಲಿಸಿ “ಈಗ ಜೋಗಿ ಏನು ಮಾಡ್ತಾನೆ?” ಅಂತ ಕೇಳಿ. ಮಾರನೇ ದಿನ ಅದೇ ಪುಸ್ತಕ ಮತ್ತೆ ಬೇಕು ಅಂದರೆ ಬೇಡ ಅನ್ನಬೇಡಿ, ಎರಡನೇ ಓದಿನಲ್ಲಿ ಒತ್ತಕ್ಷರದ ತೊಡಕು ಅರ್ಧಕ್ಕರ್ಧ ಕಡಿಮೆಯಾಗಿರುತ್ತದೆ. ಅದರ ಜತೆಗೆ ಭಾರತ ಭಾರತಿ ಪುಸ್ತಕ ಸಂಪದದ ಚಿಕ್ಕ ಜೀವನಚರಿತ್ರೆಗಳಲ್ಲಿ ಮಗುವೇ ಆರಿಸಿದ ಎರಡು. ಮಾಲೆಯಲ್ಲಿ 510 ಇವೆ, ಆರಿಸುವುದನ್ನು ನೀವು ಮಾಡಬೇಡಿ.

ಹತ್ತು-ಹನ್ನೆರಡಕ್ಕೆ ‘ತೊತ್ತೋ ಚಾನ್’. ರೈಲು ಡಬ್ಬಿಯೇ ತರಗತಿಯಾದ ಟೋಕಿಯೋದ ಶಾಲೆಯ ಕತೆ. ಶಾಲೆ ಹತ್ತಿರ ಬಂತೆಂದು ಮುಖ ಊದಿಸಿಕೊಂಡವರಿಗೆ ಹೇಳಿ ಮಾಡಿಸಿದ್ದು. ಅಧ್ಯಾಯಗಳು ಚಿಕ್ಕವು, ಕರೆಂಟ್ ಹೋಗುವ ಸಂಜೆಗಳಿಗೂ ಹೊಂದುತ್ತವೆ. ಕೊನೆಯಲ್ಲಿ ಬಾಂಬ್ ದಾಳಿಗೆ ಶಾಲೆ ಸುಟ್ಟುಹೋಗುತ್ತದೆ. ಆ ಭಾಗವನ್ನು ಮಲಗುವ ಹೊತ್ತಿಗೆ ಇಡಬೇಡಿ.

ಹದಿಮೂರು ದಾಟಿದವರಿಗೆ ತೇಜಸ್ವಿಯವರ ‘ಕರ್ವಾಲೊ’, ಆದರೆ 18ನೇ ತಾರೀಕಿಗೇ ಶುರುಮಾಡುವವರಿಗೆ ಮಾತ್ರ. ಸುಮಾರು 150 ಪುಟ. ಪುಟಕ್ಕೆ ಎರಡು ನಿಮಿಷವಾದರೂ ದಿನಕ್ಕೆ ಮುಕ್ಕಾಲು ಗಂಟೆ ಬೇಕು. ಹಾರುವ ಓತಿಯ ಹುಡುಕಾಟಕ್ಕೆ ಕಾಡು ಹೊಕ್ಕುವುದು ಕೊನೆಯ ಭಾಗದಲ್ಲಿ. ತಡವಾಗಿ ಹಿಡಿದವರು ಮಂದಣ್ಣನ ಮದುವೆಯ ಹತ್ತಿರ ಕೈಬಿಡುತ್ತಾರೆ, ಆಮೇಲೆ “ಬೋರು” ಎಂಬ ಷರಾ. ಮೂರ್ನಾಲ್ಕು ದಿನವೇ ಉಳಿದಿದ್ದರೆ ಅವರದೇ ‘ಪರಿಸರದ ಕತೆ’ ಕೊಡಿ: ಬಿಡಿಬಿಡಿ ಬರಹಗಳು, ಎಲ್ಲಿ ನಿಲ್ಲಿಸಿದರೂ ನಷ್ಟವಿಲ್ಲ, ಕಿವಿ ಎಂಬ ನಾಯಿ ಎರಡರಲ್ಲೂ ಇದೆ.

ಓದಿ ಮುಗಿಸಿದ ಮೇಲೆ ಸಾರಾಂಶ ಬರೆಸುವವರ ಬಗ್ಗೆ ನನಗೆ ತಕರಾರಿದೆ. ಮುಂದಿನ ಪುಸ್ತಕದಿಂದ ಮಗು ತಪ್ಪಿಸಿಕೊಳ್ಳಲು ಕಲಿಯುವುದೇ ಅಲ್ಲಿ. ನನ್ನಲ್ಲಿ ಇರುವುದು ಒಂದು ಚೀಟಿ, ಪುಸ್ತಕದೊಳಗೇ: ತಾರೀಕು, ನಿಲ್ಲಿಸಿದ ಪುಟ, ಅಷ್ಟೇ. ಎರಡು ದಿನ ಪುಟಸಂಖ್ಯೆ ಮುಂದೆ ಹೋಗದಿದ್ದರೆ ಬೈಯದೆ ಪುಸ್ತಕ ಬದಲಿಸುತ್ತೇನೆ.

ಪಂಚಾಯಿತಿಯ ಲೈಬ್ರರಿಯಾದ ಅರಿವು ಕೇಂದ್ರದಿಂದ ತರುವುದಾದರೆ ವಾರದ ರಜೆ ಯಾವತ್ತು ಅಂತ ಮೊದಲೇ ತಿಳಿದುಕೊಳ್ಳಿ, ಮೂರು ಪುಸ್ತಕ ಒಟ್ಟಿಗೆ ತನ್ನಿ, ಒಂದು ಹಿಡಿಸದಿದ್ದರೆ ಇನ್ನೊಂದು ಕೈಯಲ್ಲಿರುತ್ತದೆ. ಅಂಚೆಯಲ್ಲಿ ತರಿಸುವ ಹೊತ್ತು ಇದಲ್ಲ. ವಾಪಸಿನ ತಾರೀಕನ್ನು 28 ಅಂತ ಹಾಕಿಸಬೇಡಿ. ಅವತ್ತು ನೀವು ಶೂ ಅಂಗಡಿಯಲ್ಲಿರುತ್ತೀರಿ.