ಗ್ಯಾಸ್ ಚೆಕ್: ಸೀಸದ ಗುಂಡಿನ ಬುಡಕ್ಕೊಂದು ತಾಮ್ರದ ಬಟ್ಟಲು

ಮಲೆನಾಡಿನ ನಮ್ಮ ಮನೆಯಲ್ಲಿ ಅಜ್ಜ ಕೇಪಿನ ಕೋವಿ ತುಂಬುವುದನ್ನು ನೋಡಿಕೊಂಡೇ ಬೆಳೆದವನು ನಾನು. ಮದ್ದು ಹಾಕಿ, ಮೇಲೆ ತೆಂಗಿನ ಕತ್ತ ತುರುಕಿ, ಗಜದಿಂದ ಜಡಿದು, ಆಮೇಲೆ ಚರೆ. "ಕತ್ತ ಸಡಿಲ ಆದ್ರೆ ಬರೀ ಹೊಗೆ ಕಣೋ" ಅನ್ನುತ್ತಿದ್ದರು. ಎಷ್ಟೋ ವರ್ಷದ ಮೇಲೆ ಟೆಕ್ಸಸ್‌ನಲ್ಲಿ .30-30 ತೋಟಾದ ಲಿವರ್ ರೈಫಲ್ ಕೊಂಡು, ಗ್ಯಾರೇಜಿನಲ್ಲಿ ಸೀಸ ಕರಗಿಸಿ ಗುಂಡು ಎರೆಯಲು ಶುರು ಮಾಡಿದಾಗ ಗ್ಯಾಸ್ ಚೆಕ್ ಅರ್ಧ ಅರ್ಥವಾಗಿದ್ದು ಆ ಕತ್ತದಿಂದಲೇ. ಉಳಿದರ್ಧ ಪೆಟ್ಟು ತಿಂದು ಕಲಿತೆ. (ನಮ್ಮ ದೇಶದಲ್ಲಿ ಕೋವಿ ಲೈಸೆನ್ಸ್ ಇದೆ ಅಂತ ಮನೆಯಲ್ಲಿ ತೋಟಾ ತಯಾರಿಸುವ ಹಾಗಿಲ್ಲ, ಅದಕ್ಕೆ ಬೇರೆಯೇ ಲೈಸೆನ್ಸ್ ಬೇಕು. ಇದು ಅಮೆರಿಕದ ಕಥೆ.)

ಗ್ಯಾಸ್ ಚೆಕ್ ಅಂದರೆ ಗುಂಡಿನ ಬುಡಕ್ಕೆ ತೊಡಿಸುವ ತಾಮ್ರದ ಪುಟ್ಟ ಬಟ್ಟಲು, ಅಷ್ಟೇ. ಎಲ್ಲ ಗುಂಡಿಗೂ ಹಾಕಲಾಗುವುದಿಲ್ಲ. ಅಚ್ಚಿನಲ್ಲೇ ಬುಡದ ಹತ್ತಿರ ಒಂದು ಮೆಟ್ಟಿಲಿನಂತೆ ಸಣ್ಣಗಾಗಿರಬೇಕು, ಬಟ್ಟಲು ಕೂರುವುದು ಅಲ್ಲಿ. ಮೊದಲು ನಾನು ಕೊಂಡಿದ್ದು ಚಪ್ಪಟೆ ಬುಡದ ಅಚ್ಚು. ಜೊತೆಗೆ 1000 ಚೆಕ್‌ನ ಡಬ್ಬಿ! ಎರಡೂ ಒಂದಕ್ಕೊಂದು ಸೇರಲೇ ಇಲ್ಲ, ಸುಮ್ನೆ ದುಡ್ಡು ದಂಡ.

ಮದ್ದು ಉರಿದಾಗ ಹುಟ್ಟುವ ಬಿಸಿ ಗ್ಯಾಸಿಗೆ ಗುಂಡಿನ ಬುಡ ಕರಗಿಹೋಗುತ್ತೆ, ಅದನ್ನು ತಡೆಯಲು ಚೆಕ್ ಅಂತ ತುಂಬ ಜನ ಹೇಳುತ್ತಾರೆ. ನಾನೂ ನಂಬಿದ್ದೆ. ಆದರೆ ಗುಂಡು ನಳಿಗೆಯಲ್ಲಿರುವುದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು, ಅಷ್ಟರಲ್ಲಿ ಬುಡ ಕರಗುವುದೆಲ್ಲಿ ಬಂತು? ನಿಜವಾದ ತೊಂದರೆ ಬದಿಯಲ್ಲಿ. ಗುಂಡಿಗೂ ನಳಿಗೆಗೂ ನಡುವೆ ಕೂದಲೆಳೆ ಸಂದು ಸಿಕ್ಕರೂ ಗ್ಯಾಸ್ ಅಲ್ಲಿ ನುಗ್ಗಿ ಸೀಸವನ್ನು ಕೊರೆದು ನಳಿಗೆಗೆ ಬಳಿಯುತ್ತದೆ. ತಾಮ್ರದ ಅಂಚು ಗಟ್ಟಿ, ಹಾಗಾಗಿ ಸಂದನ್ನು ಮುಚ್ಚುತ್ತೆ, ನಳಿಗೆಯ ತಿರುಗು ಗೀರುಗಳನ್ನು ಬಿಗಿಯಾಗಿ ಹಿಡಿಯುತ್ತೆ.

ಹೀಗೆಂದು ಎಲ್ಲದಕ್ಕೂ ಬೇಕಾಗಿಲ್ಲ. ನಿಧಾನಕ್ಕೆ ಹೋಗುವ .38 ಸ್ಪೆಷಲ್ ರಿವಾಲ್ವರ್ ಗುಂಡಿಗೆ ನಾನು ಹಾಕುವುದೇ ಇಲ್ಲ. ಸೆಕೆಂಡಿಗೆ ಸುಮಾರು 1300-1400 ಅಡಿ ದಾಟಿದ ಮೇಲೆ ಬರಿ ಸೀಸ ತಕರಾರು ಶುರು ಮಾಡುತ್ತದೆ, ರೈಫಲ್ ಗುಂಡು ಅದಕ್ಕಿಂತ ಜಾಸ್ತಿ ಓಡುತ್ತದಲ್ವಾ.

ಸರಿಯಾದ ಅಚ್ಚು ಬಂತು, 170 ಗ್ರೇನ್ ತೂಕದ ಗುಂಡು ಎರೆದೆ, 0.309 ಇಂಚಿನ ಸೈಜಿಂಗ್ ಡೈನಲ್ಲಿ (ಗುಂಡನ್ನು ಸರಿ ಅಳತೆಗೆ ಒತ್ತುವ ಉಕ್ಕಿನ ತೂತು) ತಳ್ಳಿ ಚೆಕ್ ಕೂರಿಸಿ ಗುಂಡು ಹಾರಿಸಿದರೆ, ಇಪ್ಪತ್ತೇ ಗುಂಡಿಗೆ ಚೇಂಬರಿನ (ತೋಟಾ ಕೂರುವ ಜಾಗ) ಮುಂದೆಯೇ ಸೀಸ ಬೆಳ್ಳಿ ರೇಕಿನ ಹಾಗೆ ಮೆತ್ತಿಕೊಂಡಿತ್ತು. ಚೆಕ್ ಹಾಕಿದ್ದೀನಲ್ಲ ಅಂತ ತಲೆ ಕೆಟ್ಟುಹೋಯಿತು. ಎರಕ ಗಟ್ಟಿ ಮಾಡಿದೆ, ಗುಂಡಿಗೆ ಹಚ್ಚುವ ಗ್ರೀಸ್ ಬದಲಿಸಿದೆ, ಏನೂ ಆಗಲಿಲ್ಲ. ಕೊನೆಗೆ ಖಾಲಿ ನಳಿಗೆಯಲ್ಲಿ ಮೆತ್ತನೆ ಸೀಸದ ತುಂಡೊಂದನ್ನು ಮರದ ಕಡ್ಡಿಯಿಂದ ತಳ್ಳಿ ತೆಗೆದು ಮೈಕ್ರೋಮೀಟರ್‌ನಲ್ಲಿ ಹಿಡಿದೆ. ನಳಿಗೆಯ ಒಳ ಅಳತೆ 0.310. ಗುಂಡೇ ಸಣ್ಣ! 0.311ರ ಡೈ ತಂದೆ, ಮೆತ್ತಿಕೊಳ್ಳುವುದು ನಿಂತಿತು. ಮೂರು ವಾರ ನಾನು ಬೈದಿದ್ದು ಪಾಪ ಚೆಕ್‌ಗೆ.

ಕೂರಿಸುವಾಗ ಬುಡವನ್ನು ಒಮ್ಮೆ ಉಗುರಿನಿಂದ ಸವರಿ ನೋಡಿ. ಅಚ್ಚಿನ ಸಂದಿನಲ್ಲಿ ಸೀಸ ಇಣುಕಿ ಬಂದ ಏಣು ಇದ್ದರೆ ಬಟ್ಟಲು ಒಂದು ಪಕ್ಕ ಮೇಲೆದ್ದು ಕೂರುತ್ತೆ, ಆಮೇಲೆ ಡೈ ಅದನ್ನು ಹಾಗೆಯೇ ಸೊಟ್ಟಗೆ ಬಿಗಿದುಬಿಡುತ್ತೆ. ಅಂಥವನ್ನು ನಾನು ಮತ್ತೆ ಕರಗಿಸುವ ಪಾತ್ರೆಗೇ ಹಾಕುತ್ತೇನೆ, ತಾಮ್ರ ಮೇಲೆ ತೇಲುತ್ತೆ, ಚಮಚದಲ್ಲಿ ತೆಗೆಯಬಹುದು. ಆದರೆ ಕರಗಿದ ಸೀಸಕ್ಕೆ ಹಸಿ ಗುಂಡು, ಒದ್ದೆ ಚಮಚ ಹಾಕಬೇಡಿ. ಒಂದು ಹನಿ ನೀರು ಸಾಕು, ಸೀಸ ಮುಖಕ್ಕೆ ಎರಚುತ್ತೆ. ಬಾಗಿಲು ತೆರೆದಿಟ್ಟುಕೊಳ್ಳಿ, ಕೈ ತೊಳೆಯದೆ ಕಾಫಿ ಲೋಟ ಮುಟ್ಟಬೇಡಿ.

ಇನ್ನೊಂದು. ಖಾಲಿ ತೋಟಾದ ಬಾಯನ್ನು ಚೂರು ಅಗಲ ಮಾಡಿಕೊಳ್ಳದಿದ್ದರೆ ಗುಂಡು ಇಳಿಯುವಾಗ ಅಂಚು ಸೀಸವನ್ನು ಹೆರೆದುಹಾಕುತ್ತೆ. ಹಾಗೆಯೇ ಚೆಕ್ ತೋಟಾದ ಕುತ್ತಿಗೆ ದಾಟಿ ಮದ್ದಿನ ಜಾಗಕ್ಕೆ ಇಳಿಯದ ಹಾಗೆ ನೋಡಿಕೊಳ್ಳಿ, ಸಡಿಲ ಇದ್ದರೆ ಒಳಗೇ ಕಳಚಿ ಬೀಳಬಹುದು. ಮದ್ದಿನ ಅಳತೆ ನಾನು ಹೇಳುವುದಿಲ್ಲ. ಎರಕದ ಗುಂಡಿಗೆಂದೇ ಕೊಟ್ಟ ಪಟ್ಟಿ ಕೈಪಿಡಿಯಲ್ಲಿದೆ, ತಾಮ್ರದ ಕವಚ ಹೊದ್ದ ಗುಂಡಿನ ಪಟ್ಟಿಯನ್ನು ಇದಕ್ಕೆ ಬಳಸಬೇಡಿ.

ಆ ಮೊದಲ ಚಪ್ಪಟೆ ಬುಡದ ಅಚ್ಚು ಇನ್ನೂ ಶೆಲ್ಫ್ ಮೇಲಿದೆ, ಯಾರಿಗಾದರೂ ಬೇಕಿದ್ದರೆ ಹೇಳಿ.