ತಟ್ಟೆಯ ಅಂಚು, ನಾಲಿಗೆಯ ಹಕಾರ

ಪಿಂಗಾಣಿ ತಟ್ಟೆಯನ್ನು ಎಡಗೈಯ ಬೆರಳ ತುದಿಗಳ ಮೇಲೆ ನಿಲ್ಲಿಸಿಕೊಳ್ಳಬೇಕು. ಅಂಗೈ ತಗುಲಿತೋ, ನಾದ ಸತ್ತಿತು. ಬಲಗೈಯಲ್ಲಿ ಊಟದ ಮೇಜಿನ ಮೊಂಡು ಚಾಕು. ಅದರ ಅಲಗನ್ನು ತಟ್ಟೆಯ ಅಂಚಿಗೆ ಇಟ್ಟು ಕೆರೆಯಬೇಕು, ಬಡಿಯಬಾರದು. ಮೊದಲ ವಾರ ನಾನು ಬಡಿದೆ. ಎರಡು ತಟ್ಟೆಗಳ ಅಂಚು ಚಕ್ಕೆ ಎದ್ದುಹೋಯಿತು. ಕಲಿಸುತ್ತಿದ್ದ ಹಿರಿಯರು ಮಾತಾಡದೆ ನನ್ನ ಮಣಿಕಟ್ಟು ಹಿಡಿದು, ಕಾಯಿ ತುರಿಯುವವರ ಕೈ ಹೋಗುವ ಹಾಗೆ ಹಗುರಾಗಿ ಹಿಂದಕ್ಕೂ ಮುಂದಕ್ಕೂ ಆಡಿಸಿದರು. ಆಗ ಬಂತು ಆ ಸದ್ದು: ಕರ್ರ-ಚಿಕ್, ಕರ್ರ-ಚಿಕ್.

ಬ್ರೆಜಿಲಿನ ಬಹಿಯಾ ರಾಜ್ಯದಲ್ಲಿ, ಪರಾಗ್ವಾಸು ಹೊಳೆಯ ದಂಡೆಯ ಮೇಲೆ ಕಾಶೊಯೇರಾ ಎಂಬ ಊರಿದೆ. ಸುತ್ತಲಿನ ಸೀಮೆ ಕಬ್ಬಿನದು, ಹೊಗೆಸೊಪ್ಪಿನದು. ಅವನ್ನು ಬೆಳೆಯಲು ಆಫ್ರಿಕಾದಿಂದ ಜನರನ್ನು ಹಡಗುಗಳಲ್ಲಿ ತುಂಬಿ ತಂದರು. 1888ರವರೆಗೆ ಆ ದೇಶದಲ್ಲಿ ಮನುಷ್ಯರನ್ನು ಕಾನೂನುಬದ್ಧವಾಗಿಯೇ ಮಾರುತ್ತಿದ್ದರು. ನಾನು ಭಾಷಾಂತರದ ಕೆಲಸದ ಮೇಲೆ ಒಂದು ವರ್ಷ ಬಹಿಯಾದ ರಾಜಧಾನಿ ಸಾಲ್ವಡೋರಿನಲ್ಲಿದ್ದೆ. ಶನಿವಾರ ಬಂದರೆ ಬಸ್ಸು ಹತ್ತಿ ಕಾಶೊಯೇರಾಕ್ಕೆ ಹೋಗುತ್ತಿದ್ದೆ. ಜೀವಮಾನವೆಲ್ಲ ಬೇರೆಯವರ ಮನೆಗಳಲ್ಲಿ ಅಡುಗೆ ಮಾಡಿ, ಎಪ್ಪತ್ತು ದಾಟಿದ ಮೇಲೆ ತಮ್ಮ ಮನೆಯ ಜಗಲಿಯಲ್ಲಿ ಕುಳಿತಿದ್ದ ಒಬ್ಬ ಕಪ್ಪು ಹೆಂಗಸು ನನ್ನ ಗುರು. ಹೆಸರು ಬರೆಯಬೇಡ ಎಂದಿದ್ದಾರೆ. ಅಲ್ಲಿ ಹಿರಿಯ ಹೆಂಗಸರನ್ನು ‘ದೋನಾ’ ಎನ್ನುತ್ತಾರೆ, ಇಲ್ಲಿಯೂ ದೋನಾ ಎಂದೇ ಬರೆಯುತ್ತೇನೆ.

ಅಲ್ಲಿ ಕಲಿತದ್ದು ಸಾಂಬಾ ದೆ ರೋಡಾ ಎಂಬ ಹಾಡು-ಕುಣಿತ, ತಟ್ಟೆ-ಚಾಕು ಅದರ ವಾದ್ಯ. ರೋಡಾ ಎಂದರೆ ಸುತ್ತುಗಟ್ಟಿ ನಿಂತ ಜನ. ಕಾರ್ನಿವಲ್ಲಿನ ಗರಿಗಳ ಸಾಂಬಾ ನೋಡಿದವರಿಗೆ ಇದು ಅದರ ಅಜ್ಜಿ ಎಂದರೆ ನಂಬಿಕೆ ಬರುವುದಿಲ್ಲ. ಯುನೆಸ್ಕೊ 2005ರಲ್ಲಿ ಇದನ್ನು ಮನುಕುಲದ ಪರಂಪರೆ ಎಂದು ಘೋಷಿಸಿತು. ಇದರಲ್ಲಿ ಚೂಲಾ ಎಂಬ ಬಗೆ ಬಹಳ ಬಿಗಿ. ಇಬ್ಬರು ಗಂಡಸರು ಸೊಲ್ಲೆತ್ತುತ್ತಾರೆ, ಇನ್ನಿಬ್ಬರು ಉತ್ತರ ಕೊಡುತ್ತಾರೆ. ಹಾಡು ನಡೆಯುವಾಗ ಯಾರೂ ಕುಣಿಯುವಂತಿಲ್ಲ. ಹಾಡು ನಿಂತು ವಾದ್ಯಗಳಷ್ಟೇ ನುಡಿಯುವಾಗ ಹೆಂಗಸರು ಒಬ್ಬೊಬ್ಬರಾಗಿ ನಡುವೆ ಬರುತ್ತಾರೆ. ಪಾದ ನೆಲ ಬಿಟ್ಟು ಏಳುವುದೇ ಇಲ್ಲವೇನೋ ಎನ್ನುವಷ್ಟು ಚಿಕ್ಕ ಹೆಜ್ಜೆ. ಸಾಕೆನಿಸಿದಾಗ ಮತ್ತೊಬ್ಬಳ ಹೊಟ್ಟೆಗೆ ಹೊಟ್ಟೆ ತಾಗಿಸಿ, ಈಗ ನಿನ್ನ ಸರದಿ ಎಂದು ಜಾಗ ಬಿಡುತ್ತಾರೆ. ನಾನು ಉತ್ಸಾಹದಲ್ಲಿ ಹಾಡಿನ ನಡುವೆಯೇ ಕಾಲಿಟ್ಟೆ. ದೋನಾ ಮೊಣಕೈ ಹಿಡಿದು ಹಿಂದಕ್ಕೆ ಎಳೆದರು. “ಮೊದಲು ಕೇಳು ಮಗಳೇ” ಎಂದರು.

ಕೇಳಿದೆ. ಆದರೆ ಒಳಗೆ ಸಿಟ್ಟಿತ್ತು. ಹಾಡು ಗಂಡಸಿನದು, ತಂತಿವಾದ್ಯ ಗಂಡಸಿನದು. ಹೆಂಗಸಿಗೆ ಚಪ್ಪಾಳೆ, ಮರದ ಹಲಗೆ, ಅಡುಗೆಮನೆಯ ತಟ್ಟೆ. ಸಾಲ್ವಡೋರಿನಲ್ಲಿ ಕಪ್ಪು ಹೆಂಗಸರ ಓದುಕೂಟವೊಂದಕ್ಕೆ ಹೋಗುತ್ತಿದ್ದೆ. ಅಲ್ಲಿ ಇದನ್ನೇ ಹೇಳಿದೆ. ಒಬ್ಬಾಕೆ ಕೇಳಿದರು: “ತಟ್ಟೆ ನಿಂತರೆ ಸಾಂಬಾ ಕುಂಟುತ್ತದೆ. ಹಾಗಿದ್ದೂ ಅದನ್ನು ಚಿಕ್ಕದು ಎಂದವರು ಯಾರು? ನೀನೇ ಅಲ್ಲವೇ?”

ಆ ಮಾತು ಬಹಳ ದಿನ ಕುಟುಕಿತು. ಸಾಂತೊ ಅಮಾರೊ ಊರಿನ ಎಡಿತ್ ಎಂಬಾಕೆ ಇದೇ ತಟ್ಟೆ-ಚಾಕುವಿನಿಂದ ಇಡೀ ಬ್ರೆಜಿಲಿಗೆ ಪರಿಚಿತರಾಗಿ, ‘ತಟ್ಟೆಯ ಎಡಿತ್’ ಎಂದೇ ಹೆಸರು ಪಡೆದು 2009ರಲ್ಲಿ ತೀರಿಕೊಂಡರು. ಕಾಶೊಯೇರಾದ ದಾಲ್ವಾ ದಮಿಯಾನಾ ಸಿಗಾರ್ ಕಾರ್ಖಾನೆಯ ಕೆಲಸದಾಕೆ. ಜೊತೆಯ ಹೆಂಗಸರನ್ನು ಸೇರಿಸಿ ತಂಡ ಕಟ್ಟಿ, ತಾವೇ ಮುಂದೆ ನಿಂತು ಹಾಡಿದರು. 2012ರಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಇವೆಲ್ಲ ನನಗೆ ಗೊತ್ತಿದ್ದ ಸಂಗತಿಗಳೇ. ಗೊತ್ತಿದ್ದೂ ತಟ್ಟೆಯನ್ನು ನಾನು ಪಾತ್ರೆಯ ಸಾಲಿನಲ್ಲಿಯೇ ಇಟ್ಟಿದ್ದೆ.

ಆ ಕೂಟದಲ್ಲಿ ಲೇಲಿಯಾ ಗೊನ್ಸಾಲೆಸ್ ಅವರನ್ನು ಸಾಲು ಸಾಲಾಗಿ ಓದಿದೆವು. 1935ರಲ್ಲಿ ಹುಟ್ಟಿದ ಲೇಲಿಯಾ ಚಿಕ್ಕಂದಿನಲ್ಲಿ ತಾವೂ ಬೇರೆಯವರ ಮಗು ನೋಡಿಕೊಳ್ಳುವ ಕೆಲಸಕ್ಕೆ ನಿಂತವರು, ಮುಂದೆ ಪ್ರಾಧ್ಯಾಪಕಿಯಾದವರು, ಬ್ರೆಜಿಲಿನ ಕಪ್ಪು ಸ್ತ್ರೀವಾದಕ್ಕೆ ತಳಪಾಯ ಹಾಕಿದವರಲ್ಲಿ ಒಬ್ಬರು. ಕಾರ್ನಿವಲ್ಲಿನ ದಿನ ಊರೆಲ್ಲ ಕೊಂಡಾಡುವ ಹೆಣ್ಣು, ಮರುದಿನ ಹಿಂಬಾಗಿಲಿನಿಂದ ಒಳಗೆ ಬರುವ ಕೆಲಸದಾಕೆ, ಇಬ್ಬರೂ ಒಬ್ಬಳೇ ಎಂದು ತೋರಿಸಿದರು. ಧಣಿಯ ಮಗುವಿಗೆ ಹಾಲೂಡಿಸಿ, ಜೋಗುಳ ಹಾಡಿ, ಮಾತು ಕಲಿಸಿದ್ದು ಕಪ್ಪು ತಾಯಿ. ಆದ್ದರಿಂದ ಬ್ರೆಜಿಲ್ ಆಡುವುದು ಪೋರ್ತುಗೇಸ್ ಅಲ್ಲ, ‘ಪ್ರೆತುಗೇಸ್’ ಎಂದರು. ಪ್ರೆತೊ ಎಂದರೆ ಕಪ್ಪು. ಫುಟ್‌ಬಾಲ್ ತಂಡದ ಹೆಸರನ್ನು ಫ್ಲಮೆಂಗೊ ಎನ್ನುವ ಬದಲು ‘ಫ್ರಮೆಂಗೊ’ ಎಂದರೆ ಜನ ನಗುತ್ತಾರಲ್ಲ, ಆ ರಕಾರ ಆಫ್ರಿಕಾದ ನುಡಿಯೊಂದರ ಗುರುತು, ಹಾಗಾದರೆ ತಿಳಿಗೇಡಿ ಯಾರು ಎಂದು ಕೇಳಿದರು.

ಆ ಪುಟ ಓದಿದ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಕೇರಿಯಲ್ಲಿ ಹಕಾರವಿಲ್ಲ. ನಮ್ಮವ್ವ ಹಾಲನ್ನು ‘ಆಲು’ ಎನ್ನುತ್ತಿದ್ದಳು, ನಾನೂ ಹಾಗೆಯೇ ಅನ್ನುತ್ತಿದ್ದೆ. ಮೂರನೆಯ ತರಗತಿಯಲ್ಲಿ ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ ‘ಹಾಲು, ಹಕ್ಕಿ, ಹೂವು’ ಎಂದು ನೂರು ಸಲ ಹೇಳಿಸಿದರು. ತರಗತಿ ನಕ್ಕಿತು. ಅಂದಿನಿಂದ ನಾನು ಹಕಾರ ತಪ್ಪಿಲ್ಲ. ಅದರ ಜೊತೆಗೇ ಶಾಲೆಯಲ್ಲಿ ಹಾಡುವುದನ್ನೂ ಬಿಟ್ಟೆ.

ದೋನಾ ತಾವೇ ಕಟ್ಟಿದ ಎಂಟು ಸಾಲಿನ ಒಂದು ಪದವನ್ನು ಕನ್ನಡಕ್ಕೆ ತರಲು ಅವರ ಒಪ್ಪಿಗೆ ಕೇಳಿದೆ. ಮೊದಲು ಹಣದ ಮಾತಾಯಿತು. ಅವರ ಹಾಡನ್ನು ಬರೆದುಕೊಂಡು ಹೋದವರು ಹಲವರು, ತಿರುಗಿ ಬಂದವರು ಕಡಿಮೆ. ಎಷ್ಟು ಪ್ರತಿ, ಯಾರು ಓದುತ್ತಾರೆ, ನನ್ನ ಪಾಲೆಷ್ಟು ಎಂದು ಕೇಳಿ, ಒಪ್ಪಿಕೊಂಡು ಆಮೇಲೆ ಹಾಡಿದರು. ಹಾಡು ಸಂಗ್ರಹಿಸುವವರೆಲ್ಲ ಈ ಮೂರು ಪ್ರಶ್ನೆಗಳಿಗೆ ಉತ್ತರ ಇಟ್ಟುಕೊಂಡೇ ಹೊಸಿಲು ದಾಟಬೇಕು.

ಮೊದಲ ಕರಡನ್ನು ಶಿಷ್ಟ ಕನ್ನಡದಲ್ಲಿ ಬರೆದೆ. ತಟ್ಟೆಯ ಲಯಕ್ಕೆ ಹಾಡಿ ನೋಡಿದರೆ ಒಂದು ಸಾಲೂ ಕೂರಲಿಲ್ಲ. ‘ಹಾಲನ್ನು’ ಎನ್ನುವಷ್ಟರಲ್ಲಿ ಚಾಕು ಮುಂದೆ ಹೋಗಿರುತ್ತಿತ್ತು. ಎರಡನೆಯದನ್ನು ಸಿನಿಮಾದ ಹಳ್ಳಿ ಮಾತಿನಲ್ಲಿ ಬರೆದೆ. ಅದು ಲಯಕ್ಕೆ ಕೂತಿತು, ಆದರೆ ಹಾಡುವಾಕೆ ಯಾರನ್ನೋ ನಗಿಸಲು ಬಂದವಳಂತೆ ಕೇಳಿಸಿದಳು. ಹರಿದು ಹಾಕಿದೆ. ಮೂರನೆಯ ಸಲ ನಮ್ಮವ್ವ ಒಲೆಯ ಮುಂದೆ ಕುಳಿತು ತಂಗಿಯನ್ನು ಸಮಾಧಾನ ಮಾಡುತ್ತಿದ್ದ ಮಾತುಗಳನ್ನು ನೆನೆದುಕೊಂಡು, ಬೆಂಚಿನ ಮೇಲೆ ನಿಲ್ಲುವ ಮೊದಲಿನ ನಾಲಿಗೆಯಲ್ಲಿ ಬರೆದೆ. ಹಳಗನ್ನಡದಲ್ಲಿ ‘ಪಾಲ್’ ಇತ್ತು, ಅದು ‘ಹಾಲು’ ಆಯಿತು, ನಮ್ಮ ಕೇರಿಯಲ್ಲಿ ‘ಆಲು’ ಆಯಿತು. ಪಕಾರ ಬಿಟ್ಟವರನ್ನು ಯಾರೂ ಬೆಂಚಿನ ಮೇಲೆ ನಿಲ್ಲಿಸಲಿಲ್ಲ. ಉತ್ತರ ಕೊಡುವ ಸಾಲನ್ನು ಮಾತ್ರ ದೋನಾ ಹಾಡಿದಂತೆಯೇ, ಕನ್ನಡ ಲಿಪಿಯಲ್ಲಿ ಉಳಿಸಿಕೊಂಡೆ. ಸುತ್ತು ನಿಂತವರು ಹೇಳಬೇಕಾದ ಸಾಲು ಅದು. ಅರ್ಥ ತಿಳಿಯದೆಯೂ ಎರಡನೆಯ ಸಲಕ್ಕೆ ಬಾಯಿಗೆ ಬರುತ್ತದೆ.

ಗೆಳತಿಯರಿಗಾಗಿ ನಲವತ್ತು ಪ್ರತಿಯ ಪುಟ್ಟ ಪುಸ್ತಿಕೆ ಮಾಡಿದೆವು. ಕರಡು ತಿದ್ದಿದ ಹುಡುಗ ಶ್ರದ್ಧೆಯವನು. ಪದದಲ್ಲಿ ಹಕಾರ ಬಿಟ್ಟುಹೋಗಿದೆ ಎಂದು ಕೆಂಪು ಶಾಯಿಯಲ್ಲಿ ಒಂಬತ್ತು ಕಡೆ ಸೇರಿಸಿ ಕಳುಹಿಸಿದ್ದ. ತಟ್ಟೆಯನ್ನು ಪಕ್ಕಕ್ಕಿಟ್ಟು, ಪೆನ್ನು ತೆಗೆದುಕೊಂಡು, ಒಂಬತ್ತನ್ನೂ ಒಂದೊಂದಾಗಿ ಹೊಡೆದುಹಾಕಿದೆ.